ಶಿವಮೊಗ್ಗದ ಪದವಿ ಕಾಲೇಜೊಂದರ ವಿದ್ಯಾರ್ಥಿ ಕೈಪಿಡಿ: ಐದಕ್ಕೆ ಎರಡು ಸ್ಟಾರ್

ಅಡ್ಮಿಶನ್ ದಿನ ಫೀಸು ರಸೀದಿಯ ಜೊತೆಗೆ ಕೈಗೆ ಬರುವ 28 ಪುಟದ ಪುಸ್ತಿಕೆ. ಕೊನೆಯ ಹಾಳೆಯೇ ನಿಯಮ ಪಾಲಿಸುತ್ತೇವೆಂಬ ಮುಚ್ಚಳಿಕೆ. ಮಕ್ಕಳು, ಪೋಷಕರು ಇಬ್ಬರೂ ಸಹಿ ಮಾಡಿ ಹರಿದು ಕೊಡಬೇಕು. ಹಾಜರಾತಿ, ಲೈಬ್ರರಿ ಭಾಗಕ್ಕೆ ದೂರಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮ ಆಧರಿಸಿದ ರ್‍ಯಾಗಿಂಗ್ ಪುಟಗಳಂತೂ ಚೊಕ್ಕ: ಯಾವುದು ತಪ್ಪು, ಯಾರಿಗೆ ದೂರು, ಏನು ಶಿಕ್ಷೆ, ಎಲ್ಲ ಬಿಡಿಸಿ ಹೇಳಿದೆ.

ಎಡವಿರುವುದು ನಡತೆ ಸಂಹಿತೆಯಲ್ಲಿ. 'ಕಾಲೇಜಿನ ಘನತೆಗೆ ಧಕ್ಕೆ ತರುವ ಮಾತು, ಬರಹ, ಪೋಸ್ಟ್ ನಿಷಿದ್ಧ.' ಅಷ್ಟೇ. ಹಾಸ್ಟೆಲ್ ಸಾರಿನಲ್ಲಿ ಸಿಕ್ಕ ಹುಳದ ಫೋಟೋ ಸ್ಟೇಟಸ್‌ಗೆ ಹಾಕಿದರೆ ಧಕ್ಕೆ ತಂದದ್ದು ಹುಳವೋ, ಫೋಟೋವೋ? ತೀರ್ಮಾನ ಯಾರದು, ಎಷ್ಟು ದಿನದಲ್ಲಿ, ಮೇಲ್ಮನವಿ ಎಲ್ಲಿ ಎಂಬುದಕ್ಕೆ ಒಂದು ಸಾಲೂ ಇಲ್ಲ. ಆಕ್ಷೇಪಾರ್ಹ ಆನ್‌ಲೈನ್ ಸಂದೇಶಕ್ಕೆ ಶಿಕ್ಷೆ ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಲು ಇಂಥದೇ ಅಳತೆಯಿಲ್ಲದ ಪದಗಳು ಒಂದು ಮುಖ್ಯ ಕಾರಣ. ಚರ್ಚೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ ಎಂದಿತು ಆ ತೀರ್ಪು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮಾತಿನ ಸಂಹಿತೆಯೂ 1989ರಲ್ಲಿ ಕೋರ್ಟಿನಲ್ಲಿ ಬಿದ್ದದ್ದು ಇದೇ ಕಾರಣಕ್ಕೆ. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿ ಸರ್ಕಾರಿ ಕಾಲೇಜಿಗೆ ನೇರವಾಗಿ ಅನ್ವಯಿಸುತ್ತದೆ. ಖಾಸಗಿ ಆಡಳಿತ ಮಂಡಳಿಯಾದರೆ ವಾದ ಸ್ವಲ್ಪ ಸುತ್ತು ಬಳಸಿ ಹೋಗಬೇಕು.

ಜಾತಿ ಹೆಸರೆತ್ತಿ ನಿಂದಿಸುವುದು, ಬೆದರಿಕೆ ಹಾಕುವುದು, ಅನುಮತಿಯಿಲ್ಲದೆ ಸಹಪಾಠಿಯ ಫೋಟೋ ಹಂಚುವುದು ಇವನ್ನು ಹೆಸರಿಸಿಯೇ ನಿಷೇಧಿಸಿದ್ದಾರೆ. ಎರಡು ಸ್ಟಾರ್ ಬಂದದ್ದು ಅದರಿಂದಲೇ. ಹೀಗೆ ಬರೆಯಲು ಬರುತ್ತದೆ ಎಂದಾದರೆ ಉಳಿದದ್ದಕ್ಕೇನು ಸೋಮಾರಿತನ?

ಭಿತ್ತಿಪತ್ರಿಕೆಯ ವ್ಯವಸ್ಥೆಯನ್ನಂತೂ ನೋಡಿಯೇ ನಂಬಬೇಕು. ಗಾಜಿನ ಬಾಗಿಲು, ಬೀಗ, ಕೀಲಿ ಆಫೀಸಿನಲ್ಲಿ. ಬರಹಕ್ಕೆ ವಿಭಾಗ ಮುಖ್ಯಸ್ಥರು, ಸಾಂಸ್ಕೃತಿಕ ಸಮಿತಿ, ಪ್ರಿನ್ಸಿಪಾಲ್ ಹೀಗೆ ಮೂರು ಸಹಿ. ಗಡುವು ಯಾವುದಕ್ಕೂ ಇಲ್ಲ. ತೀರ್ಥಹಳ್ಳಿ ಕಡೆಯ ಬೆಳಗಿನ ಬಸ್ಸಿನ ನೂಕುನುಗ್ಗಲ ಬಗ್ಗೆ ಜೂನ್‌ನಲ್ಲಿ ಕೊಟ್ಟ ಲೇಖನ ಆಷಾಢ ಕಳೆದ ಮೇಲೆ ಬೋರ್ಡಿಗೇರುತ್ತದೆ. ಅಷ್ಟರಲ್ಲಿ ಮಳೆಯ ತೇವಕ್ಕೆ ಪ್ಲೈವುಡ್ ಉಬ್ಬಿ ಬಾಗಿಲು ಕಚ್ಚಿಕೊಂಡಿರುತ್ತದೆ, ಒಳಗಿನ ಹಳೆಯ ಕಾಗದಕ್ಕೆ ಬೂಷ್ಟು. ತಿರಸ್ಕರಿಸಿದರೆ ಬಾಯಿಮಾತಿನಲ್ಲೇ 'ಬೇಡ ಬಿಡಪ್ಪ'. ಬರಹದಲ್ಲಿ ಕಾರಣ ಸಿಗದಿದ್ದರೆ ಮೇಲ್ಮನವಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಹಾಗಾಗಿ ಗುಂಪಿನಲ್ಲಿ ಗೋವಿಂದ ಎಂದು ಸಹಿ ಹಾಕಬೇಡಿ. ಮುಚ್ಚಳಿಕೆಯ ಜೆರಾಕ್ಸ್ ಇಟ್ಟುಕೊಳ್ಳಿ. ಲೇಖನವನ್ನು ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸೀಲು ಹಾಕಿಸಿ. ಬೇಡ ಎಂದರೆ ಅದೇ ದಿನ 'ಕಾರಣವನ್ನು ಲಿಖಿತವಾಗಿ ತಿಳಿಸಿ' ಎಂದು ಅರ್ಜಿ ಕೊಡಿ. ಮುಂದಿನ ಮೆಟ್ಟಿಲು ಯುಜಿಸಿಯ 2023ರ ನಿಯಮದಂತೆ ಕಾಲೇಜಿನಲ್ಲಿ ಇರಲೇಬೇಕಾದ ವಿದ್ಯಾರ್ಥಿ ಕುಂದುಕೊರತೆ ಸಮಿತಿ. ಅದು ವರದಿ ಕೊಡಬೇಕಾದದ್ದು 15 ಕೆಲಸದ ದಿನಗಳ ಒಳಗೆ. ನಿರ್ಧಾರ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ದೂರು ವಿಚಾರಿಸುವ ಅಧಿಕಾರಿಗೆ, ಮೇಲ್ಮನವಿ. ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ವಿಳಾಸ ಶಂಕರಘಟ್ಟದ್ದು. ಬಹಳ ಮಂದಿ ಸೋಲುವುದು ವಾದದಲ್ಲಲ್ಲ, ಈ ಗಡುವಿನಲ್ಲಿ.

ಇಷ್ಟನ್ನೂ ಹೇಳಬೇಕಿದ್ದ ಪುಸ್ತಿಕೆಯ 27ನೇ ಪುಟ 'ಟಿಪ್ಪಣಿಗಾಗಿ' ಎಂದು ಖಾಲಿ ಬಿದ್ದಿದೆ.