ಮುಲುಂಡ್‌ನ ಈ ಎನ್‌ಐಸಿಯು: ಕೈ ತೊಳೆಯೋ ವಿಷಯದಲ್ಲಿ ರಾಜಿಯೇ ಇಲ್ಲ

ನನ್ನ ಮಗಳು 30 ವಾರಕ್ಕೇ ಹುಟ್ಟಿದಳು. ತೂಕ 1,200 ಗ್ರಾಂ. ಡೊಂಬಿವಲಿಯ ನರ್ಸಿಂಗ್ ಹೋಮ್‌ನಿಂದ ಆಂಬುಲೆನ್ಸ್‌ನಲ್ಲಿ ಮುಂಬೈನ ಮುಲುಂಡ್‌ನಲ್ಲಿರೋ ಈ ಆಸ್ಪತ್ರೆಯ ಎನ್‌ಐಸಿಯುಗೆ, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಕರೆತಂದೆವು.

ವೆಂಟಿಲೇಟರ್, ವಾರ್ಮರ್ ದೊಡ್ಡ ಆಸ್ಪತ್ರೆಗಳಲ್ಲಿ ಇದ್ದೇ ಇರುತ್ತೆ. ನನಗೆ ಧೈರ್ಯ ಕೊಟ್ಟದ್ದು ಬಾಗಿಲ ಪಕ್ಕದ ಸಿಂಕ್. ಬಳೆ, ಉಂಗುರ, ವಾಚ್ ತೆಗೆದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದ ಮೇಲೇ ಒಳಗೆ. ಒಂದು ದಿನ ಹಿರಿಯ ಡಾಕ್ಟರ್ ಅವಸರದಲ್ಲಿ ಬಂದರು. ಬಾಗಿಲಲ್ಲಿದ್ದ ಚಿಕ್ಕ ವಯಸ್ಸಿನ ಸಿಸ್ಟರ್ "ಸರ್, ವಾಚ್" ಅಂದರು. ಅವರು ತುಟಿ ಪಿಟಕ್ಕೆನ್ನದೆ ವಾಚ್ ಬಿಚ್ಚಿ, ಮತ್ತೆ ಕೈ ತೊಳೆದು ಬಂದರು. ಒಳಗೆ ಪ್ರತಿ ಮಗುವಿಗೂ ಬೇರೆ ಸ್ಟೆತಸ್ಕೋಪ್.

ಇಷ್ಟಾದರೂ ನಮ್ಮ ಮಗುವಿಗೆ ಇನ್‌ಫೆಕ್ಷನ್ ಆಯ್ತು. ಕುಡಿಸಿದ ಹಾಲು ಹೊಟ್ಟೆಯಲ್ಲಿ ಹಾಗೇ ಉಳೀತಿತ್ತು, ನಡುನಡುವೆ ಉಸಿರು ನಿಲ್ತಿತ್ತು. ಜ್ವರ ಇರಲಿಲ್ಲ, ಮೈ ತಣ್ಣಗಾಗಿತ್ತು. ಇಷ್ಟು ಚಿಕ್ಕ ಮಕ್ಕಳಿಗೆ ಜ್ವರ ಬರಲೇಬೇಕು ಅಂತಿಲ್ಲ. ಮೊದಲು ಗಮನಿಸಿದ್ದು ರಾತ್ರಿ ಪಾಳಿಯ ಸಿಸ್ಟರ್. ಡಾಕ್ಟರ್ ಕಲ್ಚರ್‌ಗೆ (ಯಾವ ರೋಗಾಣು ಅಂತ ಬೆಳೆಸಿ ನೋಡೋ ಪರೀಕ್ಷೆ) ರಕ್ತ ತೆಗೆದು, ರಿಪೋರ್ಟಿಗೆ ಕಾಯದೆ ಆಗಲೇ ಆಂಟಿಬಯಾಟಿಕ್ ಶುರು ಮಾಡಿದರು. ಆಮೇಲೆ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಅಂತ ಬಂತು. ಅದು ಯಾವ ಔಷಧಿಗೆ ಬಗ್ಗುತ್ತೆ, ಯಾವುದಕ್ಕೆ ಬಗ್ಗಲ್ಲ ಅಂತ ರಿಪೋರ್ಟ್ ತೋರಿಸಿಯೇ ಔಷಧಿ ಬದಲಾಯಿಸಿದರು. "ಇದು ಆಸ್ಪತ್ರೆಯೊಳಗೇ ತಗುಲಿರಬಹುದು" ಅಂತ ಮುಚ್ಚಿಡದೆ ಹೇಳಿದರು. ಅದನ್ನು ಕೇಳಿ ನನಗೆ ಅವರ ಮೇಲೆ ನಂಬಿಕೆ ಜಾಸ್ತಿಯೇ ಆಯ್ತು.

ಎದೆಹಾಲು ಇನ್‌ಫೆಕ್ಷನ್ ತಡೆಯುತ್ತೆ ಅಂತ ಹೇಳಿ, ಹಿಂಡೋದು ಕಲಿಸಿದರು. ಮೊದಮೊದಲು ಬರ್ತಿದ್ದದ್ದು ಅರ್ಧ ಚಮಚ. ಅದನ್ನೂ ಸಿರಿಂಜ್‌ನಲ್ಲಿ ಹಿಡಿದು ಕೊಟ್ಟರು. ಆದರೆ ಬೇರೆ ತಾಯಂದಿರು ದಾನ ಕೊಟ್ಟ ಎದೆಹಾಲು ಸಿಗೋ ಮಿಲ್ಕ್ ಬ್ಯಾಂಕ್ ಇಲ್ಲಿ ಇಲ್ಲ. ಇದೇ ಊರಿನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಏಷ್ಯಾದ ಮೊದಲ ಮಿಲ್ಕ್ ಬ್ಯಾಂಕ್ ಶುರು ಮಾಡಿದ್ದರು. ಇಷ್ಟು ದುಡ್ಡು ತಗೊಳ್ಳೋರು ಒಂದು ಮಾಡಬೇಕಲ್ವಾ?

ಉಸಿರು ಸರಿಹೋದ ಮೇಲೆ ಕಾಂಗರೂ ಕೇರ್, ಅಂದ್ರೆ ಮಗುವನ್ನು ಮೈಗೆ ಮೈ ತಾಗುವ ಹಾಗೆ ಎದೆ ಮೇಲೆ ಮಲಗಿಸೋದು. ನನ್ನ ಗಂಡನ ಎದೆ ಮೇಲೂ ಮಲಗಿಸಿದರು. ಡಾಕ್ಟರ್ ಮಾತೆಲ್ಲ ಮರಾಠಿ, ಹಿಂದಿಯಲ್ಲಿ. ನಮ್ಮತ್ತೆಗೆ ಕಾರ್ಕಳದ ಒಬ್ಬ ಸಿಸ್ಟರ್ ದಿನಾ ಹೊರಗೆ ಬಂದು, "ಅಮ್ಮ, ಇವತ್ತು ಹಾಲು ಅರಗಿದೆ, ನೀವು ಊಟ ಮಾಡಿ" ಅಂತಿದ್ದರು.

ತಾಯಂದಿರ ವ್ಯವಸ್ಥೆ ಮಾತ್ರ ತೀರಾ ಕೆಟ್ಟದು. ಹೊಲಿಗೆ ಹಾಕಿಸಿಕೊಂಡ ಹೆಂಗಸರು ರಾತ್ರಿಯೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಬೇಕು. ಹಾಲು ಹಿಂಡೋಕೆ ಪರದೆ ಕಟ್ಟಿದ ಒಂದು ಮೂಲೆ. ಬಿಲ್ಲಿನ ವಿವರ ಕೇಳಿದರೆ ಕೌಂಟರ್‌ನವರು ಸಿಡುಕುತ್ತಾರೆ. ದಿನಾ ಕೇಳಿ ಪ್ರಿಂಟ್ ತಗೊಳ್ಳಿ.

ನಾಲ್ಕು ಸ್ಟಾರ್, ನಾಲ್ಕೂ ಆ ಸಿಸ್ಟರ್‌ಗಳಿಗೆ. ತಾಯಂದಿರಿಗೆ ಮಲಗೋಕೆ ಒಂದು ಕೋಣೆ ಮಾಡಿದ ದಿನ ಐದನೆಯದನ್ನೂ ಕೊಡ್ತೇನೆ.