ಒಂದು ಚೌಕಾಬಾರ, ನಾಲ್ಕು ಅಂಗಡಿ: ಯಾರ ರಿವ್ಯೂ ಮೇಲು?

ಐದು ಮನೆ ಉದ್ದ, ಐದು ಮನೆ ಅಗಲ, ನಾಲ್ಕು ಕವಡೆ. ಬಿಡುವಿನಲ್ಲಿ ಮಾಡಿದ ಈ ಚೌಕಾಬಾರ ಗೇಮನ್ನು ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಗಳಾದ ಇಚ್.ಐಓ, ಸ್ಟೀಮ್, ಮೊಬೈಲ್‌ನ ಗೂಗಲ್ ಪ್ಲೇ, ಆಪಲ್ ಆಪ್ ಸ್ಟೋರ್ ನಾಲ್ಕಕ್ಕೂ ಹಾಕಿ ನೋಡಿದೆ. ಕಮಿಷನ್ ಲೆಕ್ಕ ಎಲ್ಲರೂ ಹಾಕುತ್ತಾರೆ. ನಾನು ನೋಡಿದ್ದು ರಿವ್ಯೂ, ಅಂದರೆ ಗೇಮನ್ನು ಒಳಗೆ ಬಿಡುವ ಮುನ್ನ ಅಂಗಡಿಯವರು ಮಾಡುವ ಪರಿಶೀಲನೆ. ಅದರಲ್ಲೂ ಒಂದೇ: ಒಪ್ಪದಿದ್ದಾಗ ಯಾಕೆ ಒಪ್ಪಲಿಲ್ಲ ಅಂತ ಯಾರು ಬಿಡಿಸಿ ಹೇಳುತ್ತಾರೆ?

ಇಚ್.ಐಓದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಮೊದಲೇ ಒಪ್ಪಿಗೆ ಪಡೆಯಬೇಕೆಂದಿಲ್ಲ. ಡ್ರಾಫ್ಟ್ ಪುಟವನ್ನು ಪಬ್ಲಿಕ್ ಮಾಡಿದರೆ ಲಿಂಕ್ ಆಗಲೇ ತೆರೆಯುತ್ತದೆ. ಅವರ 'ಬಟ್ಲರ್' ಟೂಲ್ ಬಳಸಿದರೆ ಬದಲಾದ ಭಾಗ ಮಾತ್ರ ಅಪ್‌ಲೋಡ್ ಆಗುತ್ತದೆ, ನಿಧಾನದ ಇಂಟರ್ನೆಟ್‌ನವರಿಗೆ ದೊಡ್ಡ ಉಪಕಾರ. ಆದರೆ ಯಾರೂ ನೋಡದ ಕಾರಣ ತಪ್ಪು ಹೇಳುವವರೂ ಇಲ್ಲ. ಬಾಗಿಲಲ್ಲಿ ತಡೆಯದವರು ಒಳಗಿದ್ದವರನ್ನು ಒಮ್ಮೆಲೇ ಹೊರಹಾಕಬೇಕಾದ ಪ್ರಸಂಗವೂ ಬರುತ್ತದೆ. 2025ರ ಜುಲೈನಲ್ಲಿ ಪಾವತಿ ಕಂಪನಿಗಳ ಒತ್ತಡಕ್ಕೆ ವಯಸ್ಕರ ಗೇಮ್‌ಗಳನ್ನೆಲ್ಲ ಹುಡುಕಾಟದಿಂದ ತೆಗೆದರು. ಮುಂಚಿತವಾಗಿ ತಿಳಿಸಲಾಗಲಿಲ್ಲ ಎಂದು ಅವರೇ ಹೇಳಿಕೊಂಡರು.

ಸ್ಟೀಮ್ ಈ ವಿಷಯದಲ್ಲಿ ಪೆಟ್ಟು ತಿಂದು ಕಲಿತಿದೆ. 2012ರಿಂದ 2017ರವರೆಗೆ ಅಲ್ಲಿ ಗ್ರೀನ್‌ಲೈಟ್ ಇತ್ತು, ಅಂದರೆ ಆಟಗಾರರ ಓಟು. ಓಟು ಗೇಮಿಗಿಂತ ಹೆಚ್ಚಾಗಿ ಪ್ರಚಾರ ಮಾಡಬಲ್ಲವರಿಗೆ ಬೀಳುತ್ತಿತ್ತು. ಈಗ ಗೇಮ್ ಒಂದಕ್ಕೆ 100 ಡಾಲರ್ ಶುಲ್ಕ. ಮಾರಾಟ 1,000 ಡಾಲರ್ ದಾಟಿದರೆ ಅದು ವಾಪಸ್. ಹೊಸಬರು ಹಣ ಕಟ್ಟಿ 30 ದಿನ ಕಾಯಬೇಕು, 'ಶೀಘ್ರದಲ್ಲೇ' ಎನ್ನುವ ಪುಟ ಕನಿಷ್ಠ ಎರಡು ವಾರ ಹೊರಗಿರಬೇಕು. ಕಾಯಿಸುತ್ತಾರೆ ನಿಜ, ಆದರೆ ಎಷ್ಟು ಕಾಲ ಅಂತ ಮೊದಲೇ ಗೊತ್ತಿರುತ್ತದೆ.

ನನಗೆ ಹಿಡಿಸಿದ್ದು ಇನ್ನೊಂದು. ಸ್ಟೋರ್ ಪುಟಕ್ಕೆ ಬೇರೆ ರಿವ್ಯೂ, ಬಿಲ್ಡ್‌ಗೆ (ಅಂದರೆ ಆಡಲು ಸಿದ್ಧವಾದ ಗೇಮಿನ ಫೈಲ್‌ಗಳಿಗೆ) ಬೇರೆ ರಿವ್ಯೂ.  ನನ್ನ ಬಿಲ್ಡ್‌ಗೆ ಬಂದ ಟಿಪ್ಪಣಿ ಹೀಗಿತ್ತು: ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಸಾಧನ) ಒಂದರಿಂದಲೇ ಗೇಮ್ ಪೂರ್ತಿ ನಡೆಯುತ್ತದೆ ಎಂದು ಗುರುತು ಹಾಕಿದ್ದೀರಿ, ಆಟಗಾರನ ಹೆಸರು ಬರೆಯುವ ಪರದೆಯಲ್ಲಿ ಮಾತ್ರ ಕೀಬೋರ್ಡ್ ಬೇಕಾಗುತ್ತಿದೆ. ಯಾರೋ ಕೂತು ಆಡಿ ನೋಡಿದ್ದಾರೆ! ಸರಿಪಡಿಸಲು ಒಂದು ಸಂಜೆ ಸಾಕಾಯಿತು.

ಆಪಲ್‌ನಲ್ಲಿ ವರ್ಷಕ್ಕೆ 99 ಡಾಲರ್, ಹವ್ಯಾಸಿಗೆ ಭಾರವೇ. ಆದರೆ ತಿರಸ್ಕಾರಕ್ಕೆ ನಿಯಮದ ಸಂಖ್ಯೆ ಕೊಡುತ್ತಾರೆ, ಅಲ್ಲೇ ಉತ್ತರ ಬರೆಯಬಹುದು, ಮೇಲ್ಮನವಿಗೂ ದಾರಿಯಿದೆ. ಈಗಾಗಲೇ ಸ್ಟೋರ್‌ನಲ್ಲಿರುವ ಆ್ಯಪ್‌ನ ಬಗ್ ಸರಿಪಡಿಸುವ ಅಪ್‌ಡೇಟನ್ನು, ಕಾನೂನಿನ ತೊಡಕಿಲ್ಲದಿದ್ದರೆ, ಬೇರೆ ನಿಯಮದ ನೆಪದಲ್ಲಿ ತಡೆಯುವುದಿಲ್ಲ ಎಂದು 2020ರಲ್ಲಿ ಘೋಷಿಸಿದರು. ಇದು ಎಲ್ಲ ಅಂಗಡಿಗಳಲ್ಲೂ ಬರಬೇಕಾದ ಪದ್ಧತಿ.

ಗೂಗಲ್ ಪ್ಲೇ ಅಗ್ಗ, ಒಂದೇ ಸಲ 25 ಡಾಲರ್. ಕಗ್ಗಂಟಿರುವುದು ಟೆಸ್ಟರ್ ನಿಯಮದಲ್ಲಿ. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯವರು 20 ಜನರನ್ನು ಸತತ 14 ದಿನ ಪರೀಕ್ಷೆಯಲ್ಲಿ ಇಟ್ಟುಕೊಳ್ಳಬೇಕಿತ್ತು; ಆಮೇಲೆ ಅದನ್ನು 12ಕ್ಕೆ ಇಳಿಸಿದರು. ಕಸ ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಇದರಿಂದ ಹುಟ್ಟಿದ್ದು 'ನೀನು ನನ್ನದು ಇನ್‌ಸ್ಟಾಲ್ ಮಾಡು, ನಾನು ನಿನ್ನದು ಮಾಡ್ತೀನಿ' ಎನ್ನುವ ಗುಂಪುಗಳು. ತಲೆ ಎಣಿಸಿದರೆ ಗುಣಮಟ್ಟ ಅಳೆದಂತಾಗುವುದಿಲ್ಲ. ವಯಸ್ಸಿನ ರೇಟಿಂಗ್ ಪ್ರಶ್ನಾವಳಿ ಮಾತ್ರ ಸೊಗಸು: ಜೂಜಿನ ಅನುಕರಣೆ ಇದೆಯೇ ಎಂದು ನೇರವಾಗಿ ಕೇಳುತ್ತದೆ. ಕವಡೆ ಇದೆ, ಪಣ ಇಲ್ಲ. ಉತ್ತರ ಕೊಟ್ಟು ಮುಂದೆ ಹೋದೆ.

ಕಾರಣ ಬಿಡಿಸಿ ಹೇಳಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಅನುಭವವಿದೆ. ಈ ನಾಲ್ಕರ ಹೊರಗಿನ ಇನ್ನೊಂದು ಅಂಗಡಿ, ಹೆಸರು ಬೇಡ, 'ನೀತಿಗೆ ಅನುಗುಣವಾಗಿಲ್ಲ' ಎಂದಷ್ಟೇ ಬರೆದು ಗೇಮ್ ವಾಪಸ್ ಕಳಿಸಿತು. ಕವಡೆ ಜೂಜಿನಂತೆ ಕಂಡಿತೋ, ಬೇರೇನಾದರೂ ಇತ್ತೋ? ಕೇಳಿದರೆ ಅದೇ ಸಾಲು ಮತ್ತೆ ಬಂತು. ಅಲ್ಲಿಗೆ ಕೈಬಿಟ್ಟೆ.

ನನ್ನ ಆಯ್ಕೆ ಸ್ಟೀಮ್. ಅದಕ್ಕೆ ಆಪಲ್‌ನ ನಿಯಮ ಸಂಖ್ಯೆ ಮತ್ತು ಮೇಲ್ಮನವಿ ಸೇರಿದರೆ ಇನ್ನೇನೂ ಕೇಳುವುದಿಲ್ಲ. ಪ್ಲೇ ತನ್ನ 12 ಜನರ ಬದಲು ಒಬ್ಬ ರಿವ್ಯೂ ಮಾಡುವವರಿಂದ ಹತ್ತು ನಿಮಿಷ ಆಡಿಸಲಿ. ಹೊಸಬರು ಮೊದಲು ಇಚ್‌ನಲ್ಲಿ ಹಾಕಿ ನಾಲ್ಕು ಜನರ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, ಆಮೇಲೆ ಸ್ಟೀಮ್‌ಗೆ 100 ಡಾಲರ್ ಕಟ್ಟಿ.