ಲಿವರ್ ಹಾರ್ಪಾ, ಪೆಡಲ್ ಹಾರ್ಪಾ? ಬೇಗ ಕಲೀಬೇಕು ಅನ್ನೋರಿಗೆ

ಹಾರ್ಪ್ ಅಂದ್ರೆ ನೆಟ್ಟಗೆ ಇಟ್ಕೊಂಡು ಎರಡೂ ಕೈ ಬೆರಳಲ್ಲಿ ಮೀಟೋ ತಂತಿವಾದ್ಯ. ಆರ್ಕೆಸ್ಟ್ರಾದಲ್ಲಿ ಕಾಣೋ ದೊಡ್ಡದಿದ್ಯಲ್ಲ ಅದು ಪೆಡಲ್ ಹಾರ್ಪ್, 47 ತಂತಿ, ಬುಡದಲ್ಲಿ 7 ಪೆಡಲ್, ಸುಮಾರು 36 ಕೆಜಿ ತೂಕ, ಮೂರನೇ ಮಹಡಿಗೆ ಹತ್ತಿಸೋಷ್ಟ್ರಲ್ಲೇ ಕಲಿಯೋ ಹುಮ್ಮಸ್ಸು ಇಳಿದುಹೋಗುತ್ತೆ. ಲಿವರ್ ಹಾರ್ಪ್ ಚಿಕ್ಕದು, ಹೆಚ್ಚಾಗಿ 34 ತಂತಿ ಇಲ್ಲಾ ಅದಕ್ಕಿಂತ ಕಮ್ಮಿ, ತಂತಿ ಮೇಲ್ತುದೀಲಿ ಪುಟ್ಟ ಲಿವರ್ ಇರುತ್ತೆ, ಎತ್ತಿದ್ರೆ ಆ ಒಂದು ತಂತಿ ಅರ್ಧ ಸ್ವರ ಏರುತ್ತೆ. ಪೆಡಲಾದ್ರೆ ಒಂದು ಸಲ ಒತ್ತಿದ್ರೆ ಆ ಸ್ವರದ ತಂತಿಗಳೆಲ್ಲಾ ಒಟ್ಟಿಗೆ ಬದಲಾಗ್ತವೆ, ಅನುಕೂಲ ನಿಜ, ಆದ್ರೆ ಕೈ ಕೂರೋಕೆ ಮುಂಚೆ ಕಾಲಿಗೂ ಪಾಠ ಶುರುವಾಗುತ್ತೆ.

ನನ್ನ ಕೇಳಿದ್ರೆ ಹೊಸಬ್ರಿಗೆ ಲಿವರ್ರೇ. ತೊಡೆ ಮೇಲಿಡೋ 22 ತಂತೀದು ಅಗ್ಗ ಅಂತ ತಗೋಬೇಡಿ, ಕೂತಲ್ಲಿ ಕೂರಲ್ಲ, ಅಲ್ಲಾಡ್ತಾನೇ ಇರುತ್ತೆ, ಎಡಗೈಗೆ ಕೆಳಗಿನ ಸ್ವರಗಳೂ ಸಾಲಲ್ಲ.

ಎರಡರಲ್ಲೂ ಬೆರಳ ಕೆಲಸ ಒಂದೇ. ಕೆಂಪು ತಂತಿ ಪಾಶ್ಚಾತ್ಯ ಸಂಗೀತದ ಸಿ ಸ್ವರ, ಕಪ್ಪು ಇಲ್ಲಾ ನೀಲಿ ಎಫ್ ಸ್ವರ, ಅವೆರಡು ಕಣ್ಣಿಗೆ ಸಿಕ್ರೆ ಉಳಿದವು ತಾವೇ ಗೊತ್ತಾಗ್ತವೆ. ವೀಣೆಯವ್ರಿಗೆ ತಮಾಷೆ ಅನ್ಸುತ್ತೆ, ಅಲ್ಲಿ ತಾಳದ ತಂತಿಗೆ ಕಿರುಬೆರಳು ಬೇಕೇಬೇಕು, ಇಲ್ಲಿ ಅದಕ್ಕೆ ಕೆಲಸಾನೇ ಇಲ್ಲ. ವೇಗ ಬರೋದು ಎಲ್ಲಿ ಅಂದ್ರೆ, ಮುಂದಿನ ಮೂರ್ನಾಲ್ಕು ಸ್ವರಕ್ಕೆ ಬೆರಳುಗಳನ್ನ ಮೊದ್ಲೇ ತಂತಿ ಮೇಲೆ ಇಟ್ಟಿರ್ಬೇಕು, ಒಂದೊಂದೇ ಹುಡುಕ್ತಾ ಹೋದ್ರೆ ವರ್ಷವಾದ್ರೂ ತಡವರಿಸ್ತೀರ, ಮೀಟಿದ ಮೇಲೆ ಬೆರಳು ಅಂಗೈ ಕಡೆ ಮಡಚ್ಕೋಬೇಕು, ಹೆಬ್ಬೆರಳು ಮೇಲಕ್ಕೇ ಇರ್ಲಿ.

ಆರ್ಕೆಸ್ಟ್ರಾ ಸೇರೋ ಆಸೆ ಇದ್ರೆ ಮಾತ್ರ ಆಮೇಲೆ ಪೆಡಲ್‌ಗೆ ಹೋಗಿ, ತಂತಿ ಬಿಗಿ ಜಾಸ್ತಿ ಅನ್ಸುತ್ತೆ ಅಷ್ಟೇ, ಕಲಿತಿದ್ದು ಎಲ್ಲೂ ಹೋಗಲ್ಲ.